ಬಿಸಿ ಬಾಯ್ಲರ್ ಖಾಲಿ ಮಾಡಬಹುದೇ?

ಪ್ರಶ್ನೆ: ಶಟ್‌ಡೌನ್‌ನಲ್ಲಿ ಬಾಯ್ಲರ್ ಬೇಗ ತಣಿಯಲೆಂದು ಬಿಸಿನೀರನ್ನೇ ಹೊರಬಿಟ್ಟರೆ ತಪ್ಪೇನು?

ಉತ್ತರ: ಖಂಡಿತ ಬೇಡ. ಕುಲುಮೆಯ ಇಟ್ಟಿಗೆಗೋಡೆ ಇನ್ನೂ ಕಾದಿರುತ್ತದೆ. ನೀರಿಲ್ಲದ ಟ್ಯೂಬಿನಲ್ಲಿ ಕೆಸರು ಒಣಗಿ ಕಲ್ಲಿನಂತೆ ಅಂಟಿಕೊಳ್ಳುತ್ತದೆ, ಆಮೇಲೆ ಜೆಟ್ ಹೊಡೆದರೂ ಸುಲಭವಾಗಿ ಬಿಡದು. ಟ್ಯೂಬ್ ತುದಿಯ ಬಿಗಿ ಸಡಿಲಗೊಂಡು ಸೋರಲೂಬಹುದು. ಗೇಜ್ ಗ್ಲಾಸ್‌ನಲ್ಲಿ (ನೀರಿನ ಮಟ್ಟ ತೋರಿಸುವ ಗಾಜು) ನೀರು ಕಾಣುವಂತಿಟ್ಟು ತಾನಾಗಿ ತಣಿಯಲು ಬಿಡಿ. ಒತ್ತಡ ಸುಮಾರು 2 ಬಾರ್‌ಗೆ ಇಳಿದಾಗ ಡ್ರಮ್ಮಿನ (ನೀರು, ಉಗಿ ತುಂಬಿರುವ ದೊಡ್ಡ ಸಿಲಿಂಡರ್) ಏರ್ ವೆಂಟ್, ಅಂದರೆ ಗಾಳಿಕಿಂಡಿ, ತೆರೆಯಿರಿ. ಇಲ್ಲವಾದರೆ ಉಗಿ ನೀರಾಗಿ, ಒಳಗೆ ನಿರ್ವಾತ ಉಂಟಾಗುತ್ತದೆ. ನೀರು 90 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲೆಯೇ ಡ್ರೈನ್.

ಡ್ರಮ್ಮಿನೊಳಗೆ ಇಳಿಯುವ ಮುನ್ನ ಸ್ಟೀಮ್, ಫೀಡ್ (ನೀರು ಒಳಬಿಡುವ) ವಾಲ್ವ್‌ಗಳನ್ನು ಮುಚ್ಚಿ ಬೀಗ ಹಾಕಿ. ಬ್ಲೋಡೌನ್ ಪೈಪ್ (ಕೆಸರುನೀರನ್ನು ಹೊರಬಿಡುವ ಪೈಪ್) ಪಕ್ಕದ ಬಾಯ್ಲರ್‌ಗೂ ಸೇರಿದ್ದರೆ ವಾಲ್ವ್ ಮುಚ್ಚಿದ್ದಷ್ಟೇ ಸಾಲದು, ಪೈಪನ್ನು ಪೂರ್ತಿ ಮುಚ್ಚುವ ಬ್ಲಾಂಕ್ ಪ್ಲೇಟ್ ಕೂರಿಸಲೇಬೇಕು; ಅಲ್ಲಿಂದ ಕುದಿನೀರು ಹಿಮ್ಮುಖವಾಗಿ ನುಗ್ಗಿದರೆ ಒಳಗಿರುವವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಆಮ್ಲಜನಕ ಕನಿಷ್ಠ 19.5% ಇರಲಿ, ದೀಪ 24 ವೋಲ್ಟಿನದಿರಲಿ.