ದುತಾರ್‌ಗೆ ಉಕ್ಕಿನ ತಂತಿ ಬೇಡ, ಮಿಜ್ರಾಬೂ ಬೇಡ

ಪ್ರಶ್ನೆ: ಆರು ವರ್ಷದಿಂದ ಸಿತಾರ್ ಕಲಿಯುತ್ತಿದ್ದೇನೆ. ಕಜಕಸ್ತಾನದ ಅಲ್ಮಾಟಿಯಲ್ಲಿ ಕೆಲಸದಲ್ಲಿರುವ ಸೋದರಮಾವ ಒಂದು ದುತಾರ್ ತಂದುಕೊಟ್ಟಿದ್ದಾರೆ, ಮಧ್ಯ ಏಷ್ಯಾದ ಉಯ್ಗುರ್ ಜನರ ಎರಡು ತಂತಿಯ ಉದ್ದ ದಂಡಿಯ ವಾದ್ಯ. ಹಳೆಯ ತಂತಿ ಹರಿದಿತ್ತು, ಸಿತಾರಿನ ಉಕ್ಕಿನ ತಂತಿ ಹಾಕಿ ಮಿಜ್ರಾಬ್‌ನಿಂದ (ಸಿತಾರ್ ಮೀಟಲು ಬೆರಳಿಗೆ ತೊಡುವ ತಂತಿಯ ನಖಿ) ನುಡಿಸಿದೆ. ನಾದ ಕರ್ಕಶ, ಶ್ರುತಿಯೂ ನಿಲ್ಲುತ್ತಿಲ್ಲ. ಎರಡು ತಂತಿಗಳನ್ನು ಯಾವ ಸ್ವರಕ್ಕೆ ಸೇರಿಸಬೇಕು?
– ಓದುಗರು, ಮೈಸೂರು

ಉತ್ತರ: ಮುಂದೆ ಓದುವ ಮೊದಲು ಎದ್ದುಹೋಗಿ ತಂತಿ ಬಿಗಿಯುವ ಬಿರಡೆ ಸಡಿಲಿಸಿ ಬನ್ನಿ. ದುತಾರ್‌ನ ಬುರುಡೆ ಎಂದರೆ ಬಾಗಿಸಿ ಅಂಟಿಸಿದ ಹಿಪ್ಪುನೇರಳೆ ಪಟ್ಟಿಗಳು, ಮೇಲೊಂದು ತೆಳು ಹಲಗೆ. ಉಕ್ಕಿನ ಬಿಗಿಗೆ ಆ ಹಲಗೆ, ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಅಡಿಯಲ್ಲೇ ಕುಸಿಯಬಹುದು. ಇದಕ್ಕೆ ಹಿಂದಿನಿಂದ ಹಾಕುತ್ತ ಬಂದದ್ದು ರೇಷ್ಮೆ ತಂತಿ. ಹುಳು ಮೇಯುವ ಮರದ ಮೈ, ಅದೇ ಹುಳುವಿನ ನೂಲಿನ ದನಿ! ಈಗ ನೈಲಾನೂ ರೂಢಿಯಲ್ಲಿದೆ, ನಿಮಗೆ ಅದೇ ಸಲೀಸು.

ಹೆಸರಲ್ಲೇ ಇರುವಂತೆ ‘ದು’ ಎರಡು, ‘ತಾರ್’ ತಂತಿ. ನಿಮ್ಮ ಸಿತಾರ್ ಹೆಸರಿನ ಮೂಲದಲ್ಲಿ ಮೂರು. ಶ್ರುತಿಗೆ ಇಂಥದ್ದೇ ಮನೆ ಎಂಬ ಕಟ್ಟು ಇಲ್ಲ, ಹಾಡುವವರ ಕಂಠವೇ ಅಳತೆ. ಕೆಳಗಿನ ಶ್ರುತಿಯ ತಂತಿಯನ್ನು ಷಡ್ಜ ಎಂದಿಟ್ಟುಕೊಂಡರೆ ಇನ್ನೊಂದು ಶುದ್ಧ ಮಧ್ಯಮಕ್ಕೆ, ಇಲ್ಲವೇ ಪಂಚಮಕ್ಕೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಸ–ಪ ಬೇಗ ಸಿಗುತ್ತದೆ, ಅದರಿಂದಲೇ ಶುರುಮಾಡಿ. ಆಮೇಲೆ ಸ–ಮ ಹಿಡಿಯಿರಿ. ಅದೇ ಬೆರಳಿಗೆ ಬೇರೆಯೇ ಬಣ್ಣ ಬರುವುದು ಗೊತ್ತಾಗುತ್ತದೆ.

ಮಿಜ್ರಾಬ್ ಎಲ್ಲಿಂದ ಬಂತು ಎಂದು ಊಹಿಸಬಲ್ಲೆ. ಉಯ್ಗುರರದೇ ತೆಂಬೂರ್ ಎಂಬ ಇನ್ನೊಂದು ಉದ್ದ ದಂಡಿಯ ವಾದ್ಯವಿದೆ. ಅದಕ್ಕೆ ಐದು ಲೋಹದ ತಂತಿ, ತೋರುಬೆರಳಿಗೆ ಲೋಹದ ನಖಿ. ವಿಡಿಯೊಗಳಲ್ಲಿ ಎರಡನ್ನೂ ಬೆರೆಸಿಕೊಳ್ಳುವವರು ಬಹಳ. ದುತಾರ್ ಬರಿಗೈಯ ವಾದ್ಯ. ತೋಯ್ದ ಕೈಯಿಂದ ನೀರು ಕೊಡವುತ್ತೀರಲ್ಲ, ಮಣಿಕಟ್ಟು ಹಾಗೆ ಸಡಿಲವಾಗಿರಲಿ. ಬೆರಳುಗಳು ಬಿಚ್ಚಿಕೊಳ್ಳುತ್ತ ಎರಡೂ ತಂತಿಗಳನ್ನು ಕೆಳಮುಖವಾಗಿ ಸವರಿ ಹೋಗಲಿ, ಹಿಂತಿರುಗುವಾಗ ಹೆಬ್ಬೆರಳು ಮೇಲ್ಮುಖವಾಗಿ. ಒಂದೇ ತಂತಿ ಮೀಟುವ ಸಿತಾರಿನ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಎಡಗೈ ಹೆಬ್ಬೆರಳಿಗೂ ಕೆಲಸವುಂಟು: ದಂಡಿಯ ಮೇಲಿಂದ ಬಂದು ಕೆಳಶ್ರುತಿಯ ತಂತಿಯನ್ನು ಒತ್ತಬೇಕು. ಸಿತಾರಿನಂತೆ ತಂತಿಯನ್ನು ಪಕ್ಕಕ್ಕೆಳೆದು ಸ್ವರ ಜಾರಿಸುವ ಮೀಂಡ್ ಎಳೆಯಲು ಹೋಗಬೇಡಿ. ಇಲ್ಲಿನ ಅಲಂಕಾರವೆಲ್ಲ ಹೆಚ್ಚುಕಡಿಮೆ ಬಲಗೈಯದೇ.

ಸ್ವರಸ್ಥಾನ ತೋರಿಸುವ ಮೆಟ್ಟುಗಳು ದಂಡಿಗೆ ಸುತ್ತಿ ಕಟ್ಟಿದ ದಾರ. ಸ್ವರ ತಪ್ಪಿದರೆ ದಾರವನ್ನು ಕೂದಲೆಳೆಯಷ್ಟು ಸರಿಸಿ ನೋಡಿ, ರಿಪೇರಿಗೆ ಓಡಬೇಕಿಲ್ಲ.

ಕೈ ನೋಡಿ ಕಲಿಯಲು ಉಯ್ಗುರ್ ದುತಾರ್ ವಾದಕ ಅಬ್ದುರೆಹಿಮ್ ಹೇಯಿತ್ ಅವರ ಧ್ವನಿಮುದ್ರಣ, ವಿಡಿಯೊ ಹುಡುಕಿ. 2019ರ ಫೆಬ್ರವರಿಯಲ್ಲಿ ಅವರು ಚೀನಾದಲ್ಲಿ ಬಂಧನದಲ್ಲೇ ತೀರಿಕೊಂಡರೆಂದು ತುರ್ಕಿಯ ವಿದೇಶಾಂಗ ಸಚಿವಾಲಯ ಹೇಳಿದ ಮೇಲೆ, ಬದುಕಿದ್ದಾರೆಂದು ತೋರಿಸಲು ಚೀನಾದ ಸರ್ಕಾರಿ ಮಾಧ್ಯಮ ಒಂದು ವಿಡಿಯೊ ಹೊರಬಿಟ್ಟಿತು. ಅದರಲ್ಲಿ ಅವರ ಕೈಯಲ್ಲಿ ದುತಾರ್ ಇರಲಿಲ್ಲ. ನೀವು ಹಳೆಯದನ್ನೇ ನೋಡಿ.

ಇನ್ನು ಶ್ರುತಿ ನಿಲ್ಲದ್ದಕ್ಕೆ ಅರ್ಧ ಕಾರಣ ಉಕ್ಕು, ಇನ್ನರ್ಧ ಹವೆ. ಒಣಸೀಮೆಯ ಮರ ಮೈಸೂರಿನ ಮಳೆಗಾಲಕ್ಕೆ ಊದುತ್ತದೆ, ಬೇಸಿಗೆಗೆ ಬಿರಡೆ ಜಾರುತ್ತದೆ. ಜಾರಿದರೆ ಬಿರಡೆಗೆ ಒಂದಿಷ್ಟು ಸೀಮೆಸುಣ್ಣ ತಿಕ್ಕಿ, ಒಳಕ್ಕೆ ಒತ್ತಿಕೊಂಡೇ ತಿರುಗಿಸಿ.