ಖಾಲಿ ಮನೆಗೆ ಮೊದಲು ದೀಪ

ಚಿಕ್ಕಮಗಳೂರಿನಿಂದ ಜರ್ಮನಿಗೆ ಹೊರಟಿರುವ ತಂಗಿ, ಬಾಡಿಗೆ ಮನೆಯ ಫೋಟೋದಲ್ಲಿ ಅಡುಗೆಕಟ್ಟೆಯೂ ಇಲ್ಲ, ಬಲ್ಬೂ ಇಲ್ಲ, ಕೈಯಲ್ಲಿ 600 ಯೂರೋ ಇದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಅಲ್ಲಿ ನೆಲೆಸಿ 14 ವರ್ಷವಾಯಿತು. ಈಗ ರಜೆಗೆ ಬಂದು ಹಾಸನದಲ್ಲಿ ಅಮ್ಮನ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಗಾಬರಿ ಬೇಡ, ಅಲ್ಲಿ ಎಷ್ಟೋ ಮನೆಗಳನ್ನು ಕೊಡುವುದೇ ಹಾಗೆ. ಮನೆ ಬಿಡುತ್ತಿರುವವರನ್ನು ಮೊದಲು ಕೇಳಿ. ತಾವೇ ಹಾಕಿಸಿದ ಕಿಚನ್ ಬಿಚ್ಚಿ ಸಾಗಿಸುವ ಕಷ್ಟ ಬೇಡವೆಂದು ಕಡಿಮೆ ದುಡ್ಡಿಗೆ ಕೊಟ್ಟುಹೋಗುವವರು ಬಹಳ. ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಗಿಂತ (ಹೀಟಿಂಗ್, ನೀರಿನಂಥ ಖರ್ಚು ಸೇರದ ಬಾಡಿಗೆ) ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಲ್ಲಿ ಕಟ್ಟಲು ಕಾನೂನಿನಲ್ಲಿ ಅವಕಾಶವಿದೆ. ಆ 600 ಯೂರೋ ಮನೆ ಸಾಮಾನಿಗೆ ಉಳಿಸಿಕೊಳ್ಳಿ.

ಹಾಸಿಗೆ ಮಾತ್ರ ಹೊಸದು ಕೊಳ್ಳಿ. ಆಮೇಲೆ ದೀಪ. ಸೋಫಾ, ಟಿವಿ ಸ್ಟ್ಯಾಂಡ್ ಎಲ್ಲ ನಿಧಾನಕ್ಕೆ ಬರಲಿ. ನಮ್ಮೂರಲ್ಲಿ ಡಿಸೆಂಬರಿನಲ್ಲೂ ಆರು ಗಂಟೆತನಕ ಬೆಳಕಿರುತ್ತದೆ. ಅಲ್ಲಿ ನಾಲ್ಕು, ನಾಲ್ಕೂವರೆಗೇ ಮುಚ್ಚಂಜೆ. ಮೊದಲ ಚಳಿಗಾಲ ನಾನು ಒಂದೇ ಬಿಳಿ ಬಲ್ಬಿನ ಕೆಳಗೆ ಕಳೆದೆ. ಕೆಲಸ ಮುಗಿಸಿ ಬಂದರೆ ಆಸ್ಪತ್ರೆಯ ವಾರ್ಡಿಗೆ ಬಂದ ಹಾಗಿರುತ್ತಿತ್ತು, ಅಳು ಬರುತ್ತಿತ್ತು. ಹಳೇ ಸಾಮಾನಿನಂಗಡಿಯಲ್ಲಿ 8 ಯೂರೋಗೆ ಒಂದು ನಿಲ್ಲುವ ದೀಪ ತಂದು, 2700 ಕೆಲ್ವಿನ್ನಿನ (ಬೆಳಕಿನ ಬಣ್ಣ ಹೇಳುವ ಅಂಕಿ) ಹಳದಿ ಬಲ್ಬ್ ಹಾಕಿ ಮೂಲೆಯಲ್ಲಿಟ್ಟೆ. ಅವತ್ತು ಸಂಜೆ ಮೊದಲ ಸಲ ನೆಲದ ಮೇಲೆ ಕೂತು ನೆಮ್ಮದಿಯಾಗಿ ಊಟ ಮಾಡಿದೆ. ಅಂಥ ದೀಪಕ್ಕೆ ಪ್ಲಗ್ ಇರುತ್ತದೆ, ಚಾವಣಿಯಿಂದ ನೇತಾಡುವ ವೈರನ್ನು ನೀವು ಮುಟ್ಟಬೇಕಾಗಿಲ್ಲ.

ಕರ್ಟನ್‌ಗೆ ದುಡ್ಡು ಸುರಿಯಬೇಡಿ. ಅಮ್ಮನ ಹಳೇ ಕಾಟನ್ ಸೀರೆ ಎರಡು ತನ್ನಿ. 5.5 ಮೀಟರ್ ಸೀರೆಯನ್ನು ಮಧ್ಯಕ್ಕೆ ಕತ್ತರಿಸಿದರೆ 2.75 ಮೀಟರಿನ ಎರಡು ಪರದೆ. ಹೊಸ ಕಟ್ಟಡಗಳಲ್ಲಿ ಗೋಡೆ ಸುಮಾರು 2.5 ಮೀಟರ್ ಎತ್ತರ, ಮಡಿಚಿ ಹೊಲಿಯಲೂ ಬಟ್ಟೆ ಮಿಗುತ್ತದೆ. ಬೆಳಗಿನ ಬಿಸಿಲಿಗೆ ನನ್ನ ಪರದೆಯ ಅಂಚಿನ ಕೆಂಪು ಗೋಡೆಯ ಮೇಲೆಲ್ಲ ಬೀಳುತ್ತದೆ, ಇವತ್ತಿಗೂ.

ಮರದ ಸಾಮಾನು ಸೆಕೆಂಡ್‌ಹ್ಯಾಂಡ್ ಧಾರಾಳವಾಗಿ ತನ್ನಿ. ಕ್ಲೈನ್‌ಆನ್‌ಝೈಗನ್ ಅನ್ನುವ ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ಬಿಟ್ಟಿ ಕೊಡುವವರ ಪಟ್ಟಿಯೇ ಇದೆ. ಬೀದಿಯಲ್ಲಿಟ್ಟ ಮೆತ್ತೆ ಸೋಫಾ ಮಾತ್ರ ಬೇಡವೇ ಬೇಡ. ತಿಗಣೆ ಹತ್ತಿದರೆ ಉಳಿಸಿದ್ದೆಲ್ಲ ಹೋಗುತ್ತದೆ.

ಇನ್ನೊಂದು ಮಾತು ನಿಮ್ಮ ಮನಸ್ಸಿಗೆ ನಾಟಬೇಕು. ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ. ಮಲೆನಾಡಿನ ನಮಗೆ ಮಳೆಗಾಲದ ಬೂಷ್ಟು ಗೊತ್ತು, ಬಟ್ಟೆ ಮೇಲೆ, ಚಪ್ಪಲಿ ಮೇಲೆ. ಅಲ್ಲಿ ಬೂಷ್ಟು ಹಿಡಿಯುವುದು ಚಳಿಗಾಲದಲ್ಲಿ. ಅನ್ನ, ಸಾರಿನ ಹಬೆ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತದೆ, ಗಾಳಿಯಾಡದ ಕಡೆ ಕಪ್ಪಾಗುತ್ತದೆ. ನನ್ನ ಬೀರುವಿನ ಹಿಂದೆ ಹಾಗೇ ಆಯಿತು. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಮುರಿದುಕೊಂಡರು, ಬಹಳ ನೊಂದೆ. ಒಂದು ಗೇಣು ಜಾಗ ಬಿಡಿ. ಎಷ್ಟೇ ಚಳಿಯಿರಲಿ, ದಿನಕ್ಕೆರಡು ಸಲ ಐದೈದು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ. ಬೀಗದ ಕೈ ಪಡೆಯುವ ದಿನವೇ ಗೋಡೆಗಳ ಫೋಟೋ ತೆಗೆದಿಡಿ.

ಮಿಕ್ಸಿ ತರಬಹುದಾ ಅಂತ ಕೇಳಿದ್ದೀರಿ. ತನ್ನಿ. ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬೇರೆ, ಅರ್ಥಿಂಗ್ ಇರುವ ಅಡಾಪ್ಟರ್ ಒಂದು ಜೊತೆಗಿರಲಿ.