ಹಿತ್ತಲ ಕೋಳಿ: ತೊಂದರೆಯೆಲ್ಲ ಕತ್ತಲಾದ ಮೇಲೆ

ಮನೆ ಹಿಂದೆ ನಾಲ್ಕಾರು ಕೋಳಿ ಸಾಕಿಕೊಂಡವರ ಪ್ರಶ್ನೆಗಳೇ ಈ ಸಲ ಹೆಚ್ಚು ಬಂದಿವೆ. ಎಲ್ಲರೂ ಹಗಲು ಕಂಡದ್ದನ್ನು ಬರೆದಿದ್ದಾರೆ. ಆದರೆ ಅವರ ತೊಂದರೆಗಳಲ್ಲಿ ಮುಕ್ಕಾಲು ಪಾಲು ಶುರುವಾಗುವುದು ರಾತ್ರಿ, ಗೂಡಿನ ಕದ ಹಾಕಿದ ಮೇಲೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಟಾರ್ಚಿನ ಮಾತು ಪದೇ ಪದೇ ಬಂದರೆ ಬೇಸರಿಸಬೇಡಿ.

ಪ್ರಶ್ನೆ: ಸರ್, ಎಂಟು ಕೋಳಿ ಇವೆ. ಮೆಕ್ಕೆಜೋಳ, ಗೋಧಿ, ಅಡುಗೆಮನೆಯಲ್ಲಿ ಉಳಿದದ್ದು ಎಲ್ಲ ಹೊಟ್ಟೆ ತುಂಬ ಹಾಕುತ್ತೇವೆ. ಆದರೂ ಮೊಟ್ಟೆಯ ಚಿಪ್ಪು ತೆಳು. ಒಮ್ಮೊಮ್ಮೆ ಚಿಪ್ಪೇ ಇಲ್ಲದ ಮೆತ್ತನೆ ಮೊಟ್ಟೆ ಇಡುತ್ತವೆ. ಏನು ಕೊಡಬೇಕು?

ಉತ್ತರ: ಹೊಟ್ಟೆ ತುಂಬಿದೆ, ಬೇಕಾದದ್ದು ಒಳಗೆ ಹೋಗಿಲ್ಲ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಶೇ. 8–9ರಷ್ಟು ಮಾತ್ರ. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಶೇ. 16–17 ಇರಬೇಕು. ಕ್ಯಾಲ್ಸಿಯಂ ಅಂತೂ ಕಾಳುಗಳಲ್ಲಿ ಹೆಸರಿಗಷ್ಟೇ. ಲೇಯರ್ ಫೀಡಿನಲ್ಲಿ, ಅಂದರೆ ಮೊಟ್ಟೆಯಿಡುವ ಕೋಳಿಗೆಂದೇ ತಯಾರಾದ ಮೇವಿನಲ್ಲಿ, ಅದು ಶೇ. 3.5ರಿಂದ 4ರಷ್ಟಿರುತ್ತದೆ. ಒಂದು ಕೋಳಿ ದಿನಕ್ಕೆ 100–120 ಗ್ರಾಂ ತಿನ್ನುತ್ತದೆ. ಆ ಜಾಗವನ್ನೆಲ್ಲ ಕಾಳೇ ತುಂಬಿಬಿಟ್ಟರೆ ಉಳಿದದ್ದಕ್ಕೆ ಜಾಗವೆಲ್ಲಿ? ಕಾಳು, ಸೊಪ್ಪು, ಮಿಕ್ಕ ಅನ್ನ ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲು ಮೀರದಿರಲಿ. ಉಳಿದದ್ದು ಲೇಯರ್ ಫೀಡ್ ಆಗಿರಲಿ.

ಯಾವಾಗ ಕೊಡುತ್ತೀರಿ ಅನ್ನುವುದೂ ಮುಖ್ಯ. ಒಂದು ಮೊಟ್ಟೆ ತಯಾರಾಗಲು 24–26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಆ ಕೆಲಸ ಜೋರಾಗಿ ನಡೆಯುವುದು ರಾತ್ರಿ, ಕೋಳಿ ಏನೂ ತಿನ್ನದೆ ಕೂತಿರುವಾಗ. ಪ್ರತಿ ಚಿಪ್ಪಿಗೂ 2 ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಹೊಟ್ಟೆಯಲ್ಲಿ ಇಲ್ಲದಿದ್ದರೆ ತನ್ನ ಎಲುಬಿನಿಂದ ತೆಗೆದು ಕೊಡುತ್ತದೆ, ಅದೂ ಸಾಲದಾದಾಗ ಚಿಪ್ಪು ತೆಳುವಾಗುತ್ತದೆ. ಆದ್ದರಿಂದ ಕಪ್ಪೆಚಿಪ್ಪನ್ನು ಕಾಳಿನ ಗಾತ್ರಕ್ಕೆ ಒಡೆದು ಬೇರೆ ಬಟ್ಟಲಲ್ಲಿಡಿ, ಸಂಜೆ ಹೊತ್ತು ಖಂಡಿತ ಸಿಗುವಂತಿರಲಿ. ಪುಡಿ ಬೇಡ. ದಪ್ಪ ಚೂರು ನಿಧಾನವಾಗಿ ಕರಗುತ್ತದೆ, ರಾತ್ರಿಯಿಡೀ ಒದಗುತ್ತದೆ. ಬೇಕಾದ ಕೋಳಿ ತಾನೇ ಆರಿಸಿಕೊಂಡು ತಿನ್ನುತ್ತದೆ, ಮೇವಿಗೆ ಬೆರೆಸಬೇಡಿ. ಮೊಟ್ಟೆ ಚಿಪ್ಪನ್ನೇ ಕೊಡುವುದಾದರೆ ಚೆನ್ನಾಗಿ ಒಣಗಿಸಿ, ಮೊಟ್ಟೆಯ ಗುರುತೇ ಸಿಗದಂತೆ ಸಣ್ಣ ಚೂರು ಮಾಡಿ. ಇಲ್ಲದಿದ್ದರೆ ಮೊಟ್ಟೆ ಒಡೆದು ತಿನ್ನುವ ಚಟ ಹತ್ತೀತು. ಚಿಪ್ಪು ಕೊಟ್ಟೆವು ಅಂದ ಮಾತ್ರಕ್ಕೆ ಕಾಳು ಅರೆಯುವುದಕ್ಕೆ ಬೇಕಾದ ಸಣ್ಣ ಕಲ್ಲು ಕೊಟ್ಟಂತಾಗಲಿಲ್ಲ. ಗೂಡಲ್ಲೇ ಕೂಡಿಹಾಕಿದ ಕೋಳಿಗೆ ಅದನ್ನೂ ಬೇರೆಯಾಗಿ ಇಡಬೇಕು.

ಬಿರುಬೇಸಿಗೆಯಲ್ಲಿ ಎಷ್ಟು ಕೊಟ್ಟರೂ ಚಿಪ್ಪು ತುಸು ತೆಳುವೇ. ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಚಿಪ್ಪಿಗೆ ಬೇಕಾದ ಕಾರ್ಬೋನೇಟ್‌ಗೆ ಕೊರತೆ ಬೀಳುತ್ತದೆ. ನೆರಳು, ತಣ್ಣೀರು ಕೊಡಿ. ಮಾಮೂಲಿ ದಿನಗಳಲ್ಲಿ ಕಾಲು ಲೀಟರ್ ಕುಡಿಯುವ ಕೋಳಿ ಸೆಕೆಯಲ್ಲಿ ಅದರ ಎರಡರಷ್ಟು ಕುಡಿಯುತ್ತದೆ.

ಅಡುಗೆಮನೆಯದ್ದು ಹಾಕುವಾಗ ಬೂಸ್ಟು ಹಿಡಿದ ಕಾಳು, ಬೇಯಿಸದ ಒಣ ಬೀನ್ಸ್ ಕಾಳು, ಹಸಿರಾದ ಆಲೂಗಡ್ಡೆ ಸಿಪ್ಪೆ, ಬೆಣ್ಣೆಹಣ್ಣಿನ ಸಿಪ್ಪೆ–ಬೀಜ, ತುಂಬಾ ಉಪ್ಪಿನದ್ದು ಹತ್ತಿರ ತರಬೇಡಿ.

ಪ್ರಶ್ನೆ: ಬೆಳಗ್ಗೆ ಗೂಡು ತೆಗೆದರೆ ಮೂರು ಕೋಳಿ ಸತ್ತುಬಿದ್ದಿದ್ದವು. ಕುತ್ತಿಗೆಯಲ್ಲಿ ಗಾಯ, ಮಾಂಸ ತಿಂದಿಲ್ಲ. ಹಾಕಿದ ಚಿಲಕ ಹಾಕಿದಂತೇ ಇತ್ತು, ಸುತ್ತ ಜಾಲರಿಯೂ ಇದೆ. ಯಾವ ಪ್ರಾಣಿ, ಹೇಗೆ ಒಳಗೆ ಬಂತು?

ಉತ್ತರ: ಒಂದಕ್ಕಿಂತ ಹೆಚ್ಚು ಕೋಳಿ, ಕುತ್ತಿಗೆ ಕಡಿತ, ತಿನ್ನದೆ ಬಿಟ್ಟ ಹೆಣ. ಇವು ಸಣ್ಣ, ಉದ್ದ ಮೈಯ ಬೇಟೆಗಾರ ಪ್ರಾಣಿಯ ಗುರುತು. ಬೆಳಕು ಹರಿದ ಮೇಲೆ ನಡೆದಿದ್ದರೆ ಮುಂಗುಸಿಯ ಮೇಲೆ ಅನುಮಾನಪಡಿ. ಕತ್ತಲಲ್ಲೇ ಆಗಿದ್ದರೆ ವೀಸಲ್, ಮಾರ್ಟೆನ್ ತರಹದವು, ಅಂದರೆ ಮುಂಗುಸಿಯಂತೆ ಉದ್ದ ಮೈಯ ಸಣ್ಣ ಮಾಂಸಾಹಾರಿಗಳು. ಗೂಡಿನೊಳಗೆ ಕೋಳಿಗಳು ಹೆದರಿ ಬಡಿದಾಡಿದಷ್ಟೂ ಇವು ಕೊಲ್ಲುತ್ತಲೇ ಹೋಗುತ್ತವೆ, ಹಸಿವಿಗೆಷ್ಟೋ ಅಷ್ಟಕ್ಕೇ ನಿಲ್ಲುವುದಿಲ್ಲ.

ಹೆಸರು ಗೊತ್ತಾಗದಿದ್ದರೂ ನಷ್ಟವಿಲ್ಲ, ದಾರಿ ಗೊತ್ತಾಗಬೇಕು. ಇವತ್ತು ರಾತ್ರಿ ಕೋಳಿಗಳನ್ನು ಹೊರಗೆ ತೆಗೆದು ಬುಟ್ಟಿಯಲ್ಲಿ ಮುಚ್ಚಿಟ್ಟು, ಖಾಲಿ ಗೂಡಿನೊಳಗೆ ಒಂದು ಪ್ರಖರ ದೀಪ ಇಡಿ. ಹೊರಗಿನ ದೀಪವೆಲ್ಲ ಆರಿಸಿ ಗೂಡಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬನ್ನಿ, ಬಗ್ಗಿಯೂ ನೋಡಿ. ಬೆಳಕು ಸೋರುವ ಜಾಗವೆಲ್ಲ ಬಾಗಿಲೇ. ನೀವು ಹಗಲು ಹತ್ತು ಸಲ ನೋಡಿದ ಗೂಡಿನಲ್ಲಿ ಕದದ ಕೆಳಗಿನ ಸಂದು, ಮಾಡಿನ ತಗಡು ಏರಿಳಿದ ಕಡೆಯ ಬಿರುಕು, ಹಲಗೆ ಕುಗ್ಗಿ ಬಿಟ್ಟ ಎಡೆ ಆಗ ಕಾಣಿಸುತ್ತವೆ. ಎರಡು ಬೆರಳು ತೂರುವಷ್ಟು ಜಾಗ ಇಂಥ ಪ್ರಾಣಿಗೆ ಸಾಕು.

ಇನ್ನು ಜಾಲರಿ. ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಲರಿ ನಿಮ್ಮದಾದರೆ, ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೆ. ನಾಯಿ ಹಲ್ಲಿನಲ್ಲಿ ಹರಿಯುತ್ತದೆ, ಹಾವು ಕಣ್ಣಿನಲ್ಲೇ ನುಸುಳುತ್ತದೆ. ಕೋಳಿ ಕಳೆದುಕೊಂಡವರಲ್ಲಿ ಬಹಳ ಮಂದಿ ‘ಜಾಲರಿ ಇತ್ತಲ್ಲ’ ಅನ್ನುವವರೇ. 12 ಮಿ.ಮೀ. ಕಣ್ಣಿನ ಬೆಸುಗೆ ಜಾಲರಿ ಹಾಕಿ, ಗಾಳಿಕಿಂಡಿಗೂ ಅದೇ. ಸ್ಟೇಪ್ಲರ್ ಪಿನ್ ಹೊಡೆದು ಬಿಡಬೇಡಿ. ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ, ಎಳೆದರೆ ಬರಬಾರದು. ನೆಲ ಅಗೆದು ಬರುವ ನರಿ, ನಾಯಿಗೆ ಗೋಡೆಯ ಬುಡದಿಂದ ಹೊರಕ್ಕೆ 30–45 ಸೆಂ.ಮೀ. ಅಗಲ ಜಾಲರಿಯನ್ನು ನೆಲಕ್ಕೆ ಹಾಸಿ ಮಣ್ಣು ಮುಚ್ಚಿ. ಅವು ಅಗೆಯಲು ಶುರುಮಾಡುವುದು ಗೋಡೆಯ ಬುಡದಲ್ಲೇ. ಉಗುರಿಗೆ ತಂತಿ ತಾಗಿದರೆ ಹಿಂದೆ ಸರಿದು ಅಗೆಯುವಷ್ಟು ಯೋಚನೆ ಮಾಡುವುದು ಅಪರೂಪ. ಮಲಗುವ ಅಡ್ಡಗೋಲನ್ನು ಜಾಲರಿಯಿಂದ ದೂರ ಕಟ್ಟಿ. ತಲೆಯಿಲ್ಲದ ಕೋಳಿ ಜಾಲರಿ ಪಕ್ಕ ಬಿದ್ದಿದ್ದರೆ, ಹೊರಗಿನಿಂದಲೇ ಕೈಯೋ ಬಾಯೋ ಹಾಕಿ ಎಳೆದಿದೆ ಅಂತ ಅರ್ಥ.

ಬೇರೆ ಓದುಗರಿಗೂ ಆಗಲಿ ಅಂತ ಉಳಿದ ಗುರುತುಗಳನ್ನೂ ಹೇಳಿಬಿಡುತ್ತೇನೆ. ಇಡೀ ಕೋಳಿ ಮಾಯ, ಬೇಲಿಯತ್ತ ಗರಿಗಳ ಸಾಲು: ನರಿ. ಹಲವು ಕೋಳಿ ಹರಿದು ಚೆಲ್ಲಾಪಿಲ್ಲಿ: ನಾಯಿ, ಬಹಳ ಸಲ ಪಕ್ಕದ ಮನೆಯದೇ. ಹಗಲು ಬಯಲಲ್ಲಿ ಕಿತ್ತ ಗರಿಗಳ ಗುಡ್ಡೆ: ಗಿಡುಗ. ಮೊಟ್ಟೆ ಚಿಪ್ಪೂ ಇಲ್ಲದೆ ಮಾಯ: ಹಾವು ಇರಬಹುದು, ಹೆಗ್ಗಣ ಉರುಳಿಸಿಕೊಂಡು ಹೋಗಿರಲೂಬಹುದು. ತೂತು ಬಿದ್ದ ಚಿಪ್ಪು ಸಿಕ್ಕರೆ ಕಾಗೆ. ಹೆಗ್ಗಣದ ಮಾತು ಬಂದಾಗ ಇದನ್ನೂ ಕೇಳಿ: ರಾತ್ರಿ ಮೇವಿನ ತಟ್ಟೆ ಗೂಡಲ್ಲೇ ಬಿಟ್ಟರೆ ಮೇವಿಗೆ ಹೆಗ್ಗಣ, ಹೆಗ್ಗಣಕ್ಕೆ ಹಾವು ಬರುತ್ತದೆ. ಸಂಜೆ ತಟ್ಟೆ ಎತ್ತಿ, ಮುಚ್ಚಳವಿರುವ ಡಬ್ಬಕ್ಕೆ ಸುರಿಯಿರಿ.

ವಿಷ ಇಡಬೇಡಿ. ಸತ್ತ ಹೆಗ್ಗಣವನ್ನು ಗೂಬೆ, ಬೆಕ್ಕು, ನಿಮ್ಮ ಕೋಳಿಯೇ ತಿನ್ನಬಹುದು, ಕಾಡುಪ್ರಾಣಿಗೆ ವಿಷವಿಟ್ಟರೆ ಕಾನೂನಿನ ತೊಡಕು ಬೇರೆ. ಮಿನುಗುವ ದೀಪ, ಬೆದರುಗೊಂಬೆಗೆ ಪ್ರಾಣಿಗಳು ಕೆಲವೇ ದಿನದಲ್ಲಿ ಒಗ್ಗಿಹೋಗುತ್ತವೆ. ಆ ದುಡ್ಡನ್ನೂ ಜಾಲರಿಗೇ ಹಾಕಿ ಅನ್ನುವುದು ನನ್ನ ಸಲಹೆ. ಕತ್ತಲಾಗುವಾಗ ಎಣಿಸಿಯೇ ಕದ ಹಾಕಿ. ತಾನೇ ಮುಚ್ಚಿಕೊಳ್ಳುವ ಕದ ಹಾಕಿಸಿದವರೂ ಎಣಿಸಬೇಕು. ಹೊರಗೆ ಉಳಿದ ಕೋಳಿಯ ಪಾಲಿಗೂ ಅದು ಮುಚ್ಚಿದ ಕದವೇ.

ಪ್ರಶ್ನೆ: ಹುಂಜ ಇಲ್ಲದೆ ಹೇಂಟೆ ಮೊಟ್ಟೆ ಇಡುತ್ತದೆಯೇ?

ಉತ್ತರ: ಇಡುತ್ತದೆ. ಮರಿ ಬೇಕಾದರೆ ಮಾತ್ರ ಹುಂಜ ಬೇಕು.

ಪ್ರಶ್ನೆ: ನಮ್ಮ ಕೋಳಿಗಳು ಇತ್ತೀಚೆಗೆ ಗೂಡಿಗೆ ಹೋಗಲು ಒಲ್ಲವು, ಮರ ಹತ್ತಿ ಕೂರುತ್ತವೆ. ಜುಟ್ಟು ಬಿಳಿಚಿದೆ, ಮೊಟ್ಟೆಯೂ ಕಡಿಮೆ. ಮೈಯಲ್ಲಿ ಹುಡುಕಿದರೆ ಏನೂ ಕಾಣುವುದಿಲ್ಲ.

ಉತ್ತರ: ಹಗಲು ಹುಡುಕಿದ್ದೀರಿ, ಅದಕ್ಕೇ ಕಂಡಿಲ್ಲ. ಕೆಂಪು ನುಸಿ ಹಗಲಿಡೀ ಅಡ್ಡಗೋಲಿನ ತುದಿ, ಹಲಗೆಯ ಸಂದಿನಲ್ಲಿ ಅಡಗಿದ್ದು, ರಾತ್ರಿ ಹೊರಬಂದು ರಕ್ತ ಹೀರಿ ಮತ್ತೆ ಸಂದು ಸೇರುತ್ತದೆ. ಕತ್ತಲಾಗಿ ಒಂದೆರಡು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಬಿಳಿ ಬಟ್ಟೆಯಲ್ಲಿ ಅಡ್ಡಗೋಲಿನ ತಳಭಾಗ ಒರೆಸಿ. ಬಟ್ಟೆಯ ಮೇಲೆ ಕೆಂಪು ಗೆರೆ ಎದ್ದರೆ ಅದು ನಿಮ್ಮ ಕೋಳಿಯ ರಕ್ತ.

ಔಷಧಿ ಬೇಕಾಗಿರುವುದು ಗೂಡಿಗೆ. ಅಡ್ಡಗೋಲು ಕಳಚಿ, ಮೊಟ್ಟೆ ಪೆಟ್ಟಿಗೆಯ ಹಾಸು ಸುಟ್ಟು, ಸಂದುಗೊಂದುಗಳಿಗೆ ಕುದಿನೀರು ಹೊಯ್ದು, ಒಣಗಿದ ಮೇಲೆ ಕೋಳಿಗೂಡಿಗೆಂದೇ ಇರುವ ನುಸಿನಾಶಕ ಹೊಡೆಯಿರಿ. ಬೆಚ್ಚಗಿನ ದಿನಗಳಲ್ಲಿ ವಾರದೊಳಗೆ ಹೊಸ ಪೀಳಿಗೆ ತಯಾರಾಗುವುದರಿಂದ ಇದನ್ನು ಒಂದು ಸಲಕ್ಕೆ ನಿಲ್ಲಿಸದೆ ವಾರ ಬಿಟ್ಟು ಮತ್ತೆ ಮಾಡಬೇಕು. ‘ಗೂಡು ಒಂದು ತಿಂಗಳು ಖಾಲಿ ಬಿಟ್ಟೆ, ಸತ್ತುಹೋಗಿರುತ್ತವೆ’ ಅನ್ನುವ ಲೆಕ್ಕ ನಡೆಯುವುದಿಲ್ಲ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುವ ಜೀವ ಅದು. ಬೆಳೆಗೆ ಹೊಡೆಯುವ ಕೀಟನಾಶಕ ತಂದು ಸುರಿಯಬೇಡಿ, ಮೊಟ್ಟೆಯಲ್ಲಿ ಅದೇ ಬರುತ್ತದೆ. ಒಣಮಣ್ಣಿಗೆ ಬೂದಿ ಬೆರೆಸಿ ಒಂದು ಗುಂಡಿ ಮಾಡಿಕೊಟ್ಟರೆ ಕೋಳಿಗಳು ಹೊರಳಾಡಿ ಮೈಹೇನನ್ನು ತಾವೇ ಹಿಡಿತದಲ್ಲಿಡುತ್ತವೆ. ಕೆಂಪು ನುಸಿಗೆ ಅಷ್ಟೇ ಸಾಲದು.

ನುಸಿ ಸಿಗದಿದ್ದರೆ ಗೂಡಿನೊಳಗೆ ಮೂಗು ಹಾಕಿ ನೋಡಿ. ಕಣ್ಣುರಿಯುವ ಅಮೋನಿಯಾ ವಾಸನೆ ಇದ್ದರೆ ಗಾಳಿ ಸಾಲದು, ಇಲ್ಲವೇ ಕೋಳಿ ಜಾಸ್ತಿ. ಒಂದಕ್ಕೆ ಮೂರ್ನಾಲ್ಕು ಚದರಡಿ ನೆಲ, ಅಡ್ಡಗೋಲಿನಲ್ಲಿ 20–25 ಸೆಂ.ಮೀ. ಜಾಗ ಬೇಕು.

ಪ್ರಶ್ನೆ: ನಾಲ್ಕು ವಾರದ ಮರಿಗಳು ಮುದುಡಿ ಕೂರುತ್ತಿವೆ, ಹಿಕ್ಕೆಯಲ್ಲಿ ರಕ್ತ. ದೊಡ್ಡ ಕೋಳಿಗಳ ಮೇವನ್ನೇ ಹಾಕುತ್ತಿದ್ದೇವೆ, ಅದರಿಂದಲೇ?

ಉತ್ತರ: ಇವು ಎರಡು ಬೇರೆ ವಿಷಯ, ಎರಡನ್ನೂ ಸರಿಮಾಡಬೇಕು. ರಕ್ತ ಬೀಳುವುದು ಹೆಚ್ಚಾಗಿ ಕಾಕ್ಸಿಡಿಯೋಸಿಸ್‌ನಿಂದ. ಒದ್ದೆ ಹಾಸಿನ ಮೂಲಕ ಹರಡುವ ರೋಗಾಣುವಿನಿಂದ ಬರುವ ಕರುಳಿನ ರೋಗ ಅದು. ಇವತ್ತೇ ಪಶುವೈದ್ಯರಿಗೆ ಹಿಕ್ಕೆ ತೋರಿಸಿ. ಸಾಮಾನ್ಯವಾಗಿ ನೀರಿಗೆ ಬೆರೆಸುವ ಆಂಪ್ರೋಲಿಯಂ ಬರೆದುಕೊಡುತ್ತಾರೆ. ಒದ್ದೆ ಹಾಸು ಪೂರ್ತಿ ತೆಗೆದು ಒಣ ಹೊಟ್ಟು ಹರಡಿ, ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲಿಡಿ. ಲೇಯರ್ ಫೀಡಿನ ಕ್ಯಾಲ್ಸಿಯಂ ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ಎಂಟು ವಾರದವರೆಗೆ ಶೇ. 20ರಷ್ಟು ಪ್ರೋಟೀನಿನ ಸ್ಟಾರ್ಟರ್ (ಮರಿಗಳ ಮೇವು), ಆಮೇಲೆ ಗ್ರೋವರ್ (ಬೆಳೆಯುವ ಕೋಳಿಯ ಮೇವು), ಮೊಟ್ಟೆಗೆ ಬರುವಾಗ ಮಾತ್ರ ಲೇಯರ್. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿಲ್ಲದಿದ್ದರೆ ಅದನ್ನೂ ವೈದ್ಯರ ಹತ್ತಿರ ಕೇಳಿ, ಆ ರೋಗ ಬಂದ ಮೇಲೆ ಮದ್ದಿಲ್ಲ.

ಪ್ರಶ್ನೆ: ಹೊಸದಾಗಿ ನಾಲ್ಕು ಹ್ಯಾಟೆ ತಂದಿದ್ದೇವೆ. ರಾತ್ರಿ ಹಳೆಯವುಗಳ ಜೊತೆ ಕೂರಿಸಿಬಿಟ್ಟರೆ ಬೆಳಗ್ಗೆ ಹೊಂದಿಕೊಂಡಿರುತ್ತವೆ ಅಂತಾರೆ, ನಿಜವೇ?

ಉತ್ತರ: ಅರ್ಧ ನಿಜ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣದು, ಹಾಗಾಗಿ ರಾತ್ರಿ ಜಗಳವಿಲ್ಲ. ಬೆಳಗಾದರೆ ಹೊಸಬರು ಹೊಸಬರೇ. ಅದಕ್ಕಿಂತ ಮುಖ್ಯ, ತಂದ ದಿನವೇ ಸೇರಿಸುವುದೆಂದರೆ ಅವು ಹೊತ್ತುತಂದ ನುಸಿ, ನೆಗಡಿಯನ್ನೂ ಸೇರಿಸಿದಂತೆ. ಒಂದು ತಿಂಗಳು ಬೇರೆ ಕಡೆ, ಬೇರೆ ತಟ್ಟೆಯಲ್ಲಿ ಸಾಕಿ. ಮೊದಲು ಹಳೆಯವಕ್ಕೆ ಮೇವು ಹಾಕಿ, ಆಮೇಲೆ ಇವುಗಳ ಹತ್ತಿರ ಹೋಗಿ. ನಂತರ ಒಂದು ವಾರ ನಡುವೆ ಜಾಲರಿಯಿಟ್ಟು ಮುಖ ನೋಡಿಕೊಳ್ಳಲು ಬಿಡಿ, ಆಮೇಲೆ ಬೇಕಾದರೆ ರಾತ್ರಿ ಕೂರಿಸಿ. ಮರುದಿನ ಮೇವಿನ ತಟ್ಟೆ ಎರಡು ಕಡೆ ಇರಲಿ. ಕೆಲವು ದಿನ ಕುಕ್ಕಾಟ ನಡೆದೇ ನಡೆಯುತ್ತದೆ, ನಡುವೆ ಹೋಗಬೇಡಿ. ರಕ್ತ ಕಂಡರೆ ಮಾತ್ರ ಗಾಯವಾದದ್ದನ್ನು ಆ ಕ್ಷಣವೇ ಬೇರೆ ಮಾಡಿ, ಕೆಂಪು ಕಂಡಲ್ಲಿ ಉಳಿದವೂ ಕುಕ್ಕುತ್ತವೆ.